ಮಜ್ಜಿಗೆ ತುಳುಕದ ವೇಗ

ಮಂಡ್ಯ
೧೯೩೬ನೇ ಇಸವಿ ಡಿಸೆಂಬರ್ ೯, ಬುಧವಾರ

ಪ್ರೀತಿಯ ಅಪ್ಪನಿಗೆ,

ನಿನ್ನ ಮಗ ಮರಿಸಿದ್ದ ಕೈಮುಗಿದು ಬರೆಯುವುದು. ಕಾಗದದಲ್ಲಿ ತಂದೆಗೆ ‘ತಾವು’ ಎಂದೇ ಬರೆಯಬೇಕೆಂದು ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೇ ಬರೆದು ನೋಡಿದೆ. ಅಮಲ್ದಾರರಿಗೆ ಅರ್ಜಿ ಹಾಕಿದಂತೆ ಕಂಡಿತು. ಅದನ್ನು ಹರಿದು ಹಾಕಿ ‘ನೀನು’ ಎಂದು ಬರೆಯುತ್ತಿದ್ದೇನೆ. ಇದನ್ನು ನಿನಗೆ ಓದಿ ಹೇಳುವ ಭಾವ ನಗಬಾರದು. ನಿನ್ನ ಮಂಡಿನೋವು ಹೇಗಿದೆ? ಚಳಿಗೆ ಬೆಳಗಿನ ಹೊತ್ತು ಹೆಚ್ಚಾಗುತ್ತದೆ, ಮಂಚಕ್ಕನ ಕೈಲಿ ಹರಳೆಣ್ಣೆ ಬಿಸಿ ಮಾಡಿಸಿ ಹಚ್ಚಿಸಿಕೋ. ಕೆಂದ, ಕರಿಯ ಚೆನ್ನಾಗಿ ಮೇಯುತ್ತಿವೆಯೇ? ನೀನು ಅವನ್ನು ಗಾಡಿಗೆ ಕಟ್ಟುವುದನ್ನೇ ಬಿಟ್ಟಿದ್ದೀಯಂತೆ, ಸಂತೆಗೆ ಹೋಗುವವರೊಬ್ಬರು ಹೇಳಿದರು. ಎತ್ತು ಕೆಲಸವಿಲ್ಲದೆ ನಿಂತರೆ ಕಾಲು ಬಿಗಿಯುತ್ತದೆ ಎಂದು ನೀನೇ ಹೇಳುತ್ತಿದ್ದೆ.

ಅಮ್ಮನ ಸುದ್ದಿ ಹೇಳುತ್ತೇನೆ. ತೊಡೆಗೆ ಕಟ್ಟಿದ್ದ ದಬ್ಬೆ ಬಿಚ್ಚಿದ್ದಾರೆ. ಮೂಳೆ ಕೂಡಿದೆ. ಆಸ್ಪತ್ರೆಯಿಂದ ಬಿಟ್ಟು ಈಗ ದೇವಿರಮ್ಮತ್ತೆಯ ಪಡಸಾಲೆಯಲ್ಲಿ ಮಲಗಿದ್ದಾಳೆ. ಒರಗಿಕೊಂಡು ಕೂರುತ್ತಾಳೆ, ಹಿಡಿದುಕೊಂಡರೆ ನಿಲ್ಲುತ್ತಾಳೆ. ನಿನ್ನ ಅಕ್ಕನಿಗೂ ಅವಳಿಗೂ ದಿನವೂ ಮುದ್ದೆಯ ವಿಷಯಕ್ಕೆ ಜಗಳ. ಅತ್ತೆಯ ಮುದ್ದೆ ಗಟ್ಟಿ ಎಂದು ಇವಳು, ಮಲಗಿದ ಕಡೆಗೆ ಬಂದದ್ದನ್ನು ತಿನ್ನಬೇಕು ಎಂದು ಅವರು. ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾಳೆ ಎಂದು ತಿಳಿದುಕೋ. ಡಾಕ್ಟರು ಊರಿಗೆ ಕರೆದುಕೊಂಡು ಹೋಗಬಹುದು ಎಂದಿದ್ದಾರೆ, ಆದರೆ ಮೈ ಕುಲುಕಬಾರದು, ಕುಲುಕಿದರೆ ಕೂಡಿದ ಮೂಳೆ ಮತ್ತೆ ಬಿಡುತ್ತದೆ ಎಂದೂ ಹೇಳಿದ್ದಾರೆ. ಬಸ್ಸಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಮೋಟಾರು ಬೇಡವೇ ಬೇಡ, ನಡೆಯುವಂತಾದ ಮೇಲೆ ಬರಲಿ ಎಂದು ನೀನು ಹೇಳಿ ಕಳಿಸಿದ್ದು ತಲುಪಿತು. ಮೋಟಾರಿನ ಮೇಲೆ ನಿನಗೆ ಯಾಕೆ ಕೋಪ ಎಂದು ನಾನು ಕೇಳಬೇಕಾಗಿಲ್ಲ. ಮಳವಳ್ಳಿಯ ಇಳಿಜಾರಿನಲ್ಲಿ ಆ ಮೋಟಾರಿನವನು ಹಿಂದಿನಿಂದ ಬಂದು ಹಾರನ್ ಒತ್ತದೆ ಇದ್ದಿದ್ದರೆ ಎತ್ತು ಬೆದರುತ್ತಿರಲಿಲ್ಲ, ನೀನು ಹೊಡೆಯುತ್ತಿದ್ದ ಗಾಡಿ ಮಗುಚಿ ಅಮ್ಮನ ತೊಡೆ ಮುರಿಯುತ್ತಿರಲಿಲ್ಲ. ಆದರೂ ಈ ಕಾಗದವನ್ನು ಪೂರ್ತಿ ಕೇಳು, ನಡುವೆ ಎದ್ದು ಕೊಟ್ಟಿಗೆಗೆ ಹೋಗಬೇಡ.

ನಾನು ಕಾರು ಓಡಿಸುವ ನಮ್ಮ ಸಾಹುಕಾರರು ಶ್ಯಾಮಣ್ಣನವರು ನಾಲೆಯ ಕಂಟ್ರಾಕ್ಟಿನವರು ಎಂದು ನಿನಗೆ ಗೊತ್ತು. ಕೆಲಸ ನಡೆಯುವ ಕಡೆ ಗುಡಾರ ಹಾಕಿ ಮಲಗಿ ಅವರಿಗೆ ಸಾಕಾಗಿತ್ತು. ಅದಕ್ಕೇ ಒಂದು ಚೌಕಟ್ಟಿಗೆ ಹಳೇ ಲಾರಿಯ ಅಚ್ಚು, ರಬ್ಬರು ಚಕ್ರ ಹಾಕಿಸಿ, ಮೇಲೆ ಹಲಗೆಯ ಕೋಣೆ ಕಟ್ಟಿಸಿ, ಕಾರಿನ ಹಿಂದೆ ಎಳೆದುಕೊಂಡು ಹೋಗುವಂತೆ ಮಾಡಿಸಿದ್ದಾರೆ. ಅವರು ಟ್ರೇಲರು ಎನ್ನುತ್ತಾರೆ, ಬೀದಿಯವರು ಮನೆಗಾಡಿ ಎನ್ನುತ್ತಾರೆ. ಒಳಗೆ ಮಂಚವಿದೆ, ಎರಡು ಕಿಟಕಿಗಳಿವೆ. ಹುಡುಗರು ಹಿಂದೆ ಓಡಿ ಬಂದು ಗೃಹಪ್ರವೇಶ ಯಾವತ್ತು ಎಂದು ಕೇಳುತ್ತಾರೆ. ಅಮ್ಮನ ವಿಷಯ ನಾನು ಬಾಯಿ ಬಿಟ್ಟು ಕೇಳಿರಲಿಲ್ಲ, ನನ್ನ ಸಂಕೋಚ ನಿನಗೆ ಗೊತ್ತು. ಅವರೇ ಕರೆದು, ತಾಯಿಯನ್ನು ಇದರಲ್ಲಿ ಮಲಗಿಸಿಕೊಂಡು ಹೋಗು, ಆದರೆ ಮೊದಲು ಖಾಲಿ ಮಂಚದಲ್ಲಿ ಓಡಿಸಿ ಕೈ ಕೂರಿಸಿಕೋ, ಯಾವ ವೇಗಕ್ಕೆ ಅದು ಒಪ್ಪುತ್ತದೆ ತಿಳಿದುಕೋ ಎಂದರು.

ಖಾಲಿ ಮಂಚ ಏನು ಹೇಳೀತು? ಒಳಗೊಬ್ಬರು ಬೇಕಲ್ಲ ಎಂದು ಯೋಚಿಸುವಷ್ಟರಲ್ಲಿ ದೇವಿರಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ಹತ್ತಿಯೇಬಿಟ್ಟರು. ಕೈಯಲ್ಲಿ ಒಂದು ಹಿತ್ತಾಳೆ ತಂಬಿಗೆಯ ತುಂಬ ಮಜ್ಜಿಗೆ. ಇದು ತುಳುಕಿದರೆ ನಿಮ್ಮಮ್ಮನ ತೊಡೆಯೂ ತುಳುಕಿತು ಎಂದೇ ಲೆಕ್ಕ ಎಂದರು. ನಾನು ಸಾಮಾನು ಹೇರಿದೆ. ನೀನು ಕಲಿಸಿದ ಹಾಗೇ ಹೇರಿದೆ ಅಪ್ಪ. ನೊಗಕ್ಕೆ ಸೇರುವ ಮುಂದಿನ ಮರದ, ಮೂಕಿಯ ಮೇಲೆ ಭಾರ ಬೀಳಬಾರದು, ನೊಗವನ್ನು ಒಂದು ಕೈಯಲ್ಲಿ ಎತ್ತುವಂತಿರಬೇಕು, ಎತ್ತಿನ ಹೆಗಲು ನಮ್ಮ ಹೆಗಲೆಂದು ತಿಳಿಯಬೇಕು ಎಂದು ಹೇಳಿ ಹೇಳಿ ನನ್ನ ಕೈಗೆ ಅದೇ ಅಭ್ಯಾಸವಾಗಿದೆ. ನೀರಿನ ಪೀಪಾಯಿ, ಕಬ್ಬಿಣದ ಪೆಟ್ಟಿಗೆ, ಅತ್ತೆ, ಎಲ್ಲವನ್ನೂ ಅಚ್ಚಿನಿಂದ ಹಿಂದಕ್ಕೆ ಇಟ್ಟೆ. ಮನೆಗಾಡಿಯ ಮೂತಿ ಹೂವಿನಂತೆ ಮೇಲಕ್ಕೆ ಬಂತು. ಶ್ಯಾಮಣ್ಣನವರೂ ಎತ್ತಿ ನೋಡಿ ಬಹಳ ಹಗುರ, ಭೇಷ್ ಎಂದರು.

ಮದ್ದೂರಿನ ರಸ್ತೆ ಹಿಡಿದೆವು. ಮೆಲ್ಲಗೆ ಹೋಗುವಷ್ಟು ಹೊತ್ತು ಎಲ್ಲ ಸರಿಯಾಗಿತ್ತು. ವೇಗದ ಮುಳ್ಳು ಇಪ್ಪತ್ತು ಮೈಲಿ ದಾಟಿತೋ ಇಲ್ಲವೋ, ಹಿಂದಿನ ಗಾಡಿ ಅತ್ತಿಂದಿತ್ತ ಬೀಸಲು ಶುರುವಾಯಿತು. ನಾಯಿ ಬಾಲ ಅಲ್ಲಾಡಿಸುತ್ತದಲ್ಲ, ಇಲ್ಲಿ ಬಾಲವೇ ನಾಯಿಯನ್ನು ಅಲ್ಲಾಡಿಸಿತು. ಹೆದರಿ ಬ್ರೇಕು ಒತ್ತಿದೆ, ಇನ್ನೂ ಹೆಚ್ಚಾಯಿತು. ಬ್ರೇಕಿನಿಂದ ಕಾಲು ತೆಗೆದು, ಸ್ಟೀರಿಂಗ್ ಚಕ್ರವನ್ನು ನೆಟ್ಟಗೆ ಹಿಡಿದು, ವೇಗ ತಾನಾಗಿ ಇಳಿಯುವುದಕ್ಕೆ ಬಿಟ್ಟೆ. ಆಗ ಅದು ಸುಮ್ಮನಾಯಿತು. ನಿಲ್ಲಿಸಿ ಬಾಗಿಲು ತೆಗೆದರೆ ಅತ್ತೆಯ ಮುಖ, ಸೆರಗು, ತುರುಬು ಎಲ್ಲ ಮಜ್ಜಿಗೆ. “ಏನ್ಲಾ ಮರಿಸಿದ್ದ, ಇನ್ನೊಂದೀಟು ದೂರ ಓಗಿದ್ರೆ ಬೆಣ್ಣೇನೆ ಬಂದ್ಬುಡದಲ್ಲಾ” ಎಂದರು. ನನಗೆ ನಗು ಬರಲಿಲ್ಲ. ಮಂಚದಲ್ಲಿ ಅಮ್ಮ ಇದ್ದಿದ್ದರೆ ಎಂದುಕೊಂಡು ಗಾಡಿಯ ಕೆಳಗೆ ತೂರಿದೆ.

ಕೊಂಡಿ ನೋಡಿದೆ, ಚಕ್ರ ನೋಡಿದೆ, ಅಚ್ಚು ನೋಡಿದೆ, ಎಲ್ಲವೂ ಬಿಗಿಯಾಗಿಯೇ ಇದ್ದವು. ಏನೂ ತಿಳಿಯದೆ ಹಿಂದಿರುಗಿಸಿದೆ. ಈ ಸಲ ಅತ್ತೆ ಹಿಂದೆ ಕೂರಲು ಒಪ್ಪಲಿಲ್ಲ. ಕಬ್ಬಿಣದ ಪೆಟ್ಟಿಗೆಯನ್ನು ದರದರ ಎಳೆದು ಮುಂದಿನ ಕಿಟಕಿಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಕುಳಿತು, ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಬೈಯುತ್ತ ಬಂದರು. ನಿನ್ನ ಅಕ್ಕನ ಬೈಗುಳ ನಿನಗೆ ಗೊತ್ತೇ ಇದೆ. ತಪ್ಪಿಸಿಕೊಳ್ಳುವ ಆತುರಕ್ಕೆ ನನ್ನ ಕಾಲಿಗೇ ತಿಳಿಯದೆ ಮುಳ್ಳು ಇಪ್ಪತ್ತು ದಾಟಿತು. ಗಾಡಿ ಅಲುಗಲೇ ಇಲ್ಲ. ಅದೇ ಗಾಡಿ, ಅದೇ ರಸ್ತೆ, ಅದೇ ವೇಗ. ಬದಲಾದದ್ದು ಅತ್ತೆ ಮತ್ತು ಪೆಟ್ಟಿಗೆ ಕುಳಿತ ಜಾಗ ಮಾತ್ರ. ಆಗ ನನಗೆ ಹೊಳೆಯಿತು. ಎತ್ತಿಗೆ ಹೆಗಲು ನೋಯುತ್ತದೆ, ಅದಕ್ಕೆ ನಾವು ಮೂಕಿಯನ್ನು ಹಗುರ ಮಾಡುತ್ತೇವೆ. ಕಾರಿಗೆ ಹೆಗಲು ನೋಯುವುದಿಲ್ಲ. ಮೂತಿಯ ಮೇಲೆ ಒಂದಿಷ್ಟು ಭಾರ ಬಿದ್ದರೇ ಅದಕ್ಕೆ ಹಿಂದಿನದರ ಮೇಲೆ ಹಿಡಿತ. ನೀನು ಕಲಿಸಿದ್ದು ತಪ್ಪಲ್ಲ ಅಪ್ಪ, ಅದು ಜೀವವಿರುವ ಪ್ರಾಣಿಗೆ ಕಲಿಸಿದ್ದು. ಈಗ ಪೀಪಾಯಿ, ಪೆಟ್ಟಿಗೆ ಎಲ್ಲವನ್ನೂ ಅಚ್ಚಿನಿಂದ ಮುಂದಕ್ಕೆ ತಂದು ಹಗ್ಗದಿಂದ ಬಿಗಿದಿದ್ದೇನೆ. ಮಂಚ ಅಚ್ಚಿನ ನೇರಕ್ಕಿದೆ.

ಆಮೇಲೆ ವೇಗದ ಮಾತು. ಮೆಲ್ಲಗೆ ಹೋದಷ್ಟೂ ಸುಖ ಎಂದು ನೀನು ಹೇಳುತ್ತೀ, ನಾನೂ ಹಾಗೇ ತಿಳಿದಿದ್ದೆ. ಮಾರನೆಯ ದಿನ ಮದ್ದೂರು ದಾಟಿ ಮಳವಳ್ಳಿಯವರೆಗೂ ಹೋಗಿ ಬಂದೆವು. ಗಂಟೆಗೆ ಹತ್ತು ಮೈಲಿಯಲ್ಲಿ ಹೋದರೆ ಗಾಡಿಯ ಜಾಡಿನಲ್ಲಿ ಪ್ರತಿಯೊಂದು ಹಳ್ಳಕ್ಕೂ ಚಕ್ರ ಇಳಿದು ಹತ್ತುತ್ತದೆ, ಮೊರದಲ್ಲಿ ರಾಗಿ ಕೇರಿದಂತೆ. ಇಪ್ಪತ್ತೈದಕ್ಕೆ ಹೋದರೆ ಹಳ್ಳ ತಿಳಿಯುವುದಿಲ್ಲ, ಆದರೆ ರಸ್ತೆಗೆ ಅಡ್ಡಲಾಗಿ ಉಬ್ಬಿದ ಮೋರಿ ಬಂದಾಗ ತಂಬಿಗೆಯೇ ಎಗರುತ್ತದೆ. ಹದಿನೆಂಟಕ್ಕೆ ಹಿಡಿದಾಗ ಕಿಟಕಿಯಿಂದ ಬೈಗುಳ ನಿಂತಿತು. ನಿಲ್ಲಿಸಿ ನೋಡಿದರೆ ಅತ್ತೆ ಗೊರಕೆ ಹೊಡೆಯುತ್ತಿದ್ದರು, ಮಜ್ಜಿಗೆ ತಂಬಿಗೆಯ ಕಂಠದ ಕೆಳಗೇ ನಿಂತಿತ್ತು. ಒಳ್ಳೆಯ ರಸ್ತೆಗೆ ಹದಿನೆಂಟು, ಮೋರಿ ಕಂಡರೆ ದೂರದಿಂದಲೇ ಐದಕ್ಕೆ ಇಳಿಸುವುದು, ಇದನ್ನು ನಿಶ್ಚಯ ಮಾಡಿಕೊಂಡಿದ್ದೇನೆ. ಎದುರಿಗೆ ಬಸ್ಸು ಬಂದರೆ ಅದರ ಗಾಳಿ ಮನೆಗಾಡಿಯನ್ನು ತಳ್ಳುತ್ತದೆ, ಪಕ್ಕಕ್ಕೆ ತೆಗೆದು ನಿಂತೇಬಿಡುತ್ತೇನೆ. ಮದ್ದೂರಿನಲ್ಲಿ ಬಸ್ಸಿನ ಡ್ರೈವರೊಬ್ಬ ತಲೆ ಹೊರಗೆ ಹಾಕಿ, “ಲೇ, ಎತ್ತು ಕಟ್ಕಳ್ಲಾ, ಇದ್ಕಿಂತ ಬೇಗ ಓಯ್ತವೆ” ಎಂದ. ಬೇರೆ ದಿನವಾಗಿದ್ದರೆ ನಾನು ತಲೆ ತಗ್ಗಿಸುತ್ತಿದ್ದೆ. ಅವತ್ತು, “ಒಳಗೆ ನಮ್ಮತ್ತೆ ಮಲಗವ್ರೆ ಕಣಣ್ಣ, ಎಬ್ಬಿಸ್ಲಾ?” ಎಂದೆ. ಬಸ್ಸಿನವರೆಲ್ಲ ನಕ್ಕರು. ನಾನು ಇಷ್ಟು ಮಾತಾಡಿದೆ ಎಂದರೆ ಮಂಚಕ್ಕ ನಂಬಲಾರಳು.

ಇನ್ನು ಮಳವಳ್ಳಿಯ ಇಳಿಜಾರು. ಅದನ್ನು ಬರೆಯದೆ ಬಿಟ್ಟರೆ ನೀನು ಅದನ್ನೇ ಕೇಳುತ್ತೀ. ಇಳಿಜಾರಿನಲ್ಲಿ ವೇಗ ಇಳಿಸಲು ಹೋಗಬಾರದು, ಇಳಿಯುವ ಮೊದಲೇ ಇಳಿಸಬೇಕು. ದಿಬ್ಬದ ನೆತ್ತಿಯಲ್ಲಿ ಪೂರ್ತಿ ನಿಲ್ಲಿಸಿ, ಮೊದಲನೆಯ ಗೇರಿಗೆ ಹಾಕಿ, ಎಂಜಿನ್ನೇ ಹಿಡಿದುಕೊಳ್ಳುವಂತೆ ಬಿಟ್ಟರೆ ಮನುಷ್ಯ ನಡೆಯುವ ಹೆಜ್ಜೆಗೆ ಇಳಿಯುತ್ತದೆ. ನೀನು ಚಕ್ರಕ್ಕೆ ಮರದ ಅಡ್ಡಕಟ್ಟು ಕೊಟ್ಟು ಇಳಿಸುತ್ತಿದ್ದೆಯಲ್ಲ, ಅದೇ ನಡಿಗೆ. ಹೀಗೆ ಇಳಿಯುತ್ತಿರುವಾಗ ಸರಿಯಾಗಿ ನಿನ್ನ ಗಾಡಿ ಮಗುಚಿದ ಆ ಬಾಗುವಿನಲ್ಲಿ ಎದುರಿಗೆ ಒಂದು ಜೋಡೆತ್ತಿನ ಗಾಡಿ ಹತ್ತಿ ಬಂತು. ಎತ್ತುಗಳು ಕಿವಿ ನಿಮಿರಿಸಿದವು. ನಾನು ಹಾರನ್ ಮುಟ್ಟಲಿಲ್ಲ. ಓರೆಗೆ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟು, ಎಂಜಿನ್ನನ್ನೇ ಆರಿಸಿಬಿಟ್ಟೆ. ಹಕ್ಕಿಯ ಸದ್ದು ಕೇಳುವಷ್ಟು ನಿಶ್ಶಬ್ದವಾಯಿತು. ಗಾಡಿ ನನ್ನ ಪಕ್ಕದಲ್ಲೇ ಹಾದುಹೋಯಿತು. ಗಾಡಿಯವನು ನಿನ್ನ ವಯಸ್ಸಿನವನು. ದಾಟಿದ ಮೇಲೆ ತಿರುಗಿ, ಯಾಕಪ್ಪ ಮೋಟಾರು ಕೆಟ್ಟಿತೇ ಎಂದು ಕೇಳಿದ. ಇಲ್ಲ, ನಿಮ್ಮ ಎತ್ತಿಗೆ ದಾರಿ ಬಿಟ್ಟೆ ಎಂದೆ. ಅವನು ಚಾವಟಿಯ ಕೈ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ಈ ಬದುಕಿನಲ್ಲಿ ನಾನು ಎತ್ತಿನ ಎದುರು ಹಾರನ್ ಒತ್ತುವುದಿಲ್ಲ ಅಪ್ಪ. ಮೋಟಾರು ಓಡಿಸುವವರೆಲ್ಲ ಅವತ್ತು ಹಾರನ್ ಒತ್ತಿದವನಂತಿಲ್ಲ ಎಂದು ನಿನಗೆ ಬಾಯಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ, ಅದಕ್ಕೇ ಬರೆದೆ.

ಭಾನುವಾರ ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹೊರಡಬೇಕೆಂದಿದ್ದೇನೆ. ಮದ್ದೂರು, ಮಳವಳ್ಳಿ ದಾಟಿ ನಮ್ಮೂರು ಕಿರುಗಾವಲಿಗೆ. ಮಂಚದ ಮೇಲೆ ಹೊಸ ಭತ್ತದ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಕುತ್ತೇನೆ. ಒಳಗಿನಿಂದ ಒಂದು ಹಗ್ಗ ತಂದು ನನ್ನ ಕಿವಿಯ ಹತ್ತಿರ ಗಂಟೆ ಕಟ್ಟಿದ್ದೇನೆ, ಒಂದು ಸಲ ಎಳೆದರೆ ಮೆಲ್ಲಗೆ, ಎರಡು ಸಲ ಎಳೆದರೆ ನಿಲ್ಲಿಸು ಎಂದು ಗುರುತು. ನನ್ನ ಕೈಯ ಮೇಲೆ ನನಗೆ ಭರವಸೆ ಇದೆ. ಮಂಚಕ್ಕನಿಗೂ ಭಾವನಿಗೂ ನನ್ನ ನಮಸ್ಕಾರ. ಮಕ್ಕಳ ಕೆನ್ನೆಗೆ ನನ್ನ ಹೆಸರು ಹೇಳಿ ಒಂದೊಂದು ಮುತ್ತು ಕೊಡಿ. ಕರಿಯನ ಕೊಂಬಿನ ಬುಡ ತುರಿಸು, ಅದಕ್ಕೆ ಅದು ಇಷ್ಟ.

ನಿನ್ನ ಮಗ,
ಮರಿಸಿದ್ದಯ್ಯ

ಮರೆತೆ, ಟಪಾಲು ಕಟ್ಟುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಭಾವ, ಇದನ್ನು ಅಪ್ಪ ಒಬ್ಬನೇ ಇರುವಾಗ ಓದಿ. ಮೇಲೆ ಭಾನುವಾರ ಹೊರಡುತ್ತೇನೆ ಎಂದು ಬರೆದದ್ದು ನನ್ನ ಲೆಕ್ಕ. ಅಮ್ಮ ಒಪ್ಪಿಲ್ಲ. ಕಾಗದ ಓದಿ ಹೇಳಿದೆ, ಎಲ್ಲ ಕೇಳಿ, ವೇಗವೆಲ್ಲ ಸರಿ ಎಂದಳು. ಆಮೇಲೆ, “ನಿಮ್ಮಪ್ಪ ಬಂದು ಆ ಗಂಟೆ ಅಗ್ಗ ಇಡ್ಕಂಡು ನನ್ ಪಕ್ಕ ಕೂತ್ರೆ ಗಾಡಿ ಅತ್ತೀನಿ. ಇಲ್ದಿದ್ರೆ ಇಲ್ಲೇ ಗಟ್ಟಿ ಮುದ್ದೆ ತಿನ್ಕಂಡು ಇರ್ತೀನಿ. ಅವತ್ತು ನನ್ನ ಎತ್ಕಂಡು ಮಳವಳ್ಳಿಗಂಟ ನಡ್ದ ಮನ್ಸ, ಈಗ ಮೊಕ ತೋರ್ಸಕ್ಕೆ ಯಾಕ್ ನಾಚ್ಕತಾನೆ ಕೇಳ್ಲಾ” ಎಂದಳು. ನಾನು ಕೇಳುತ್ತಿಲ್ಲ ಅಪ್ಪ, ಅವಳು ಹೇಳಿದ್ದನ್ನು ಬರೆದೆ ಅಷ್ಟೆ. ಶನಿವಾರದ ಬಸ್ಸಿಗೆ ಬಾ. ಇಲ್ಲಿ ಕಟ್ಟಿರುವುದು ಮೇಕೆಯ ಗಂಟೆ, ಎಂಜಿನ್ ಸದ್ದಿಗೆ ಕೇಳುವುದೇ ಇಲ್ಲ. ಕೆಂದನ ಕೊರಳಿನದನ್ನು ಬಿಚ್ಚಿಕೊಂಡು ಬಾ. ಬಸ್ಸಿನಲ್ಲಿ ಬೈಯುತ್ತಾರೆ, ಗಂಟೆಯ ನಾಲಗೆಗೆ ಬಟ್ಟೆ ಸುತ್ತಿಕೋ. ಅತ್ತೆಯ ಬೀದಿಗೆ ತಿರುಗುವಾಗ ಮಾತ್ರ ಬಟ್ಟೆ ಬಿಚ್ಚು, ಅಮ್ಮನ ಹಾಸಿಗೆ ಬಾಗಿಲಿನ ಪಕ್ಕದಲ್ಲೇ ಇದೆ.