ಖಾಲಿ ಡಬ್ಬಿ

ಮೆಹಕರ, ಸೋಮವಾರ

ಮಡೆಪ್ಪ ಕಾಕಾ ಅವರಿಗೆ ವೈಜಿನಾಥನ ಶರಣು.

ನಮ್ಮ ಎಮ್ಮೆ ಎರಡು ದಿನದಿಂದ ಮೇವು ಮುಟ್ಟಿಲ್ಲ, ಮೆಲುಕೂ ಹಾಕಿಲ್ಲ. ಅದು ಕೊನೆಗೆ ತಿಂದದ್ದು ನಮ್ಮಿಬ್ಬರ ಹೊಲದ ನಡುವಿನ ಬದುವಿನ ಹುಲ್ಲು. ನಿಮ್ಮ ಸೋಯಾಕ್ಕೆ ಹೊಡೆದ ಕಳೆನಾಶಕ ಅಲ್ಲಿಗೂ ಹಾರಿರಬಹುದೆಂದು ನನ್ನ ಅನುಮಾನ. ಗಾಳಿಗೆ ಬದು ತಿಳಿಯದು, ಎಮ್ಮೆಗೆ ಪಹಣಿ ಓದಲು ಬರದು.

ನಿನ್ನೆ ಕೇಳಿದಾಗ ನೀವು, "ನಾ ಏನೂ ಹೊಡದಿಲ್ಲ ತಮ್ಮಾ" ಅಂದಿರಿ. ಆಗಲಿ, ಹುಲ್ಲು ತಾನಾಗಿಯೇ ಹಳದಿಯಾಯಿತು ಎಂದುಕೊಳ್ಳೋಣ. ಆದರೆ ಭಾಲ್ಕಿಯಿಂದ ಬಂದ ದನದ ಡಾಕ್ಟರು, "ಹೊಡದ ಕಳೆ ಎಣ್ಣಿ ಯಾವುದು ಅಂತ ಗೊತ್ತಿಲ್ದೆ ಔಷಧ ಹ್ಯಾಂಗ ಕೊಡ್ಲಿರಿ? ಖಾಲಿ ಡಬ್ಬಿ ತಂದು ತೋರಸ್ರಿ" ಅಂದರು.

ಡಬ್ಬಿಯನ್ನು ಬದುವಿನ ಜಾಲಿ ಗಿಡಕ್ಕೆ ಸಿಕ್ಕಿಸಿಟ್ಟರೆ ಸಾಕು. ಯಾರು ಇಟ್ಟರೆಂದು ನಾನು ಕೇಳುವುದಿಲ್ಲ, ನಾಲ್ಕು ಜನರ ಮುಂದೆ ಹೇಳುವುದೂ ಇಲ್ಲ.

ನಿನ್ನೆಯಿಂದ ನಿಮ್ಮ ಮನೆಗೆ ಹಾಲು ಕಳಿಸದಿರುವುದು ಸಿಟ್ಟಿನಿಂದಲ್ಲ. ಡಾಕ್ಟರು ಸರಿ ಅನ್ನುವವರೆಗೆ ಕರೆದದ್ದನ್ನೆಲ್ಲ ಚೆಲ್ಲುತ್ತಿದ್ದೇನೆ. ಎಮ್ಮೆಗೆ ಹುಷಾರಿಲ್ಲವೆಂದು ನನಗೆ ತಿಳಿಯುವ ಮೊದಲೇ ಮೊನ್ನೆಯ ಹಾಲು ನಿಮ್ಮ ಮನೆ ಸೇರಿತ್ತು. ಅದನ್ನು ನಿಮ್ಮ ಬಾಣಂತಿ ಮಗಳು ಶೀತಲ ಕುಡಿದಿದ್ದಾಳೆ. ಏನೂ ಆಗಲಿಕ್ಕಿಲ್ಲ, ಹೆದರಬೇಡಿ. ಆದರೂ ಡಬ್ಬಿಯನ್ನು ಜಾಲಿಗೆ ಸಿಕ್ಕಿಸುವ ಮೊದಲು ಅದರ ಮೇಲಿನ ಹೆಸರನ್ನು ಅವಳ ಡಾಕ್ಟರಿಗೂ ಓದಿ ಹೇಳಿ.

ಬದುವಿನ ಈಚೆಯ ನಿಮ್ಮವ,
ವೈಜಿನಾಥ