ದೋಣಿ ಕಾಣಲಿಲ್ಲವೇ ಅಮ್ಮಾ?

ವಿಮಾನದ ಕಟ್ಟೆ,
ಜೂನ್ ೪, ಮಂಗಳವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಚಿಕ್ಕಮ್ಮನ ಮನೆಯ ಮೆತ್ತನೆ ಹಾಸಿಗೆ ನಿನಗೆ ಆಗಿಬರುವುದಿಲ್ಲ, ಸಂಕೋಚಪಡದೆ ನೆಲದ ಮೇಲೆ ಹಾಸಿಕೊಂಡು ಮಲಗು. ನಾನು ಚೆನ್ನಾಗಿದ್ದೇನೆ. ನೀರಿನ ಮೇಲೆ ನಿಂತ ನಿನ್ನ ವಿಮಾನವೂ ಚೆನ್ನಾಗಿದೆ. ನೀನು ಪೈಲಟ್‌ಗಳ ವೈದ್ಯಕೀಯ ಪರೀಕ್ಷೆಗೆಂದು ಹೋದಾಗಿನಿಂದ ಅದರ ರೆಕ್ಕೆಯ ಮೇಲೆ ಕೊಕ್ಕರೆಗಳದ್ದೇ ದರಬಾರು, ದಿನಾ ತೊಳೆದು ತೊಳೆದು ನನ್ನ ಸೊಂಟ ಬಿದ್ದುಹೋಗಿದೆ.

ಈಗ ಹಿಂದಿನ ವಾರದ ಭಾನುವಾರದ ವಿಷಯ. ಓದುತ್ತಾ ಮುಖ ಊದಿಸಿಕೊಳ್ಳುತ್ತೀಯ, ಊದಿಸಿಕೋ. ಗಾಳಿಯಿಲ್ಲದ ದಿನ ಸರೋವರ ಕನ್ನಡಿಯಾಗುತ್ತದೆ, ನೀರು ಎಷ್ಟು ಕೆಳಗಿದೆ ಎಂದು ಮೇಲಿನಿಂದ ತಿಳಿಯುವುದಿಲ್ಲ, ಅದಕ್ಕೇ ವಿಮಾನ ನೀರಿಗಿಳಿಯುವ ಮುಂಚೆ ದೋಣಿ ಓಡಿಸಿ ಅಲೆ ಎಬ್ಬಿಸಬೇಕು ಎಂದು ಕಲಿಸಿದವಳು ನೀನೇ. ಅವತ್ತೂ ಎಬ್ಬಿಸಿದ್ದೆ. ದಡಕ್ಕೆ ಕಟ್ಟಿದ ದೋಣಿಗಳೆಲ್ಲ ಕುಣಿಯುವಷ್ಟು ಎಬ್ಬಿಸಿದ್ದೆ. ನೀನು ಆ ಅಲೆಗಳ ಮೇಲೆ ಧೊಪ್ಪೆಂದು ಬಿದ್ದು, ಎಗರಿ, ಮತ್ತೆ ಬಿದ್ದೆ. ನಾನು ದೋಣಿ ತಿರುಗಿಸದಿದ್ದರೆ ವಿಮಾನ ನನ್ನ ತಲೆಯ ಮೇಲೇ ಬರುತ್ತಿತ್ತು. ಒಳಗಿದ್ದ ಪ್ರಯಾಣಿಕರು ಅದೂ ಟಿಕೆಟ್ಟಿನಲ್ಲೇ ಸೇರಿದೆ ಅಂದುಕೊಂಡು ಚಪ್ಪಾಳೆ ತಟ್ಟಿದರು. ನೀನು ಇಳಿದು ಬಂದವಳೇ, "ಎಲ್ಲಿ ಹಾಳಾಗಿ ಹೋಗಿದ್ದೆ? ದೋಣಿ ತರೋಕೇನು ರೋಗ ನಿಂಗೆ?" ಅಂದೆ. ನಾನು ತಲೆಯಿಂದ ಕಾಲಿನವರೆಗೆ ತೊಯ್ದು ನಿನ್ನೆದುರಿಗೆ ನಿಂತಿದ್ದೆ. ಅಷ್ಟು ದೊಡ್ಡ ಕೆಂಪು ದೋಣಿ ನಿನಗೆ ಕಂಡಿರಲಿಲ್ಲ.

ಬೈದಿದ್ದಕ್ಕೆ ಬೇಸರವಿಲ್ಲ, ನಿನ್ನ ಬೈಗುಳ ತಿಂದೇ ಬೆಳೆದವಳು. ಆದರೆ ಭಯವಾಯಿತು ಅಮ್ಮಾ, ಈಗಲೂ ಆಗುತ್ತಿದೆ. ವಿಮಾನದ ಮಾಲೀಕರು ನನ್ನನ್ನು ಕರೆದು, "ಸೀಸನ್ ಮುಗಿಯೋವರೆಗೂ ಸುಮ್ನಿರಮ್ಮ" ಅಂದರು. ಸುಮ್ಮನಿರುವುದಿಲ್ಲ ಅಂದೆ. ಕೆಲಸ ಹೋಗುತ್ತೆ ಅಂದರು. ಹೋಗಲಿ ಅಂದೆ. ನೀನೂ ಅದೇ ರಾಗ ಎಳೆದರೆ ನಿನಗೂ ಅದೇ ಉತ್ತರ. ಕಣ್ಣಿಗೆ ಪೊರೆ ಬಂದಿದ್ದರೆ ತೆಗೆಸೋಣ. "ನನ್ನ ಕಣ್ಣಿಗೆ ಯಾರೂ ಕೈ ಹಾಕಕೂಡದು" ಅನ್ನುತ್ತೀಯಲ್ಲ, ಬಿರುಗಾಳಿಯಲ್ಲಿ ವಿಮಾನ ಇಳಿಸಿದವಳು ಒಬ್ಬ ಡಾಕ್ಟರಿಗೆ ಹೆದರುವುದೇ? ಕಣ್ಣು ಸರಿಹೋಗುವವರೆಗೆ ನೀನು ಹಾರಕೂಡದು. ಕಟ್ಟೆಗೆ ಕಟ್ಟಿದ ವಿಮಾನದ ಹಗ್ಗ ಬಿಚ್ಚುವವಳು ನಾನು. ಬಿಚ್ಚುವುದಿಲ್ಲ.

ಚಿಕ್ಕಮ್ಮನಿಗೆ ನಮಸ್ಕಾರ, ಅವಳ ಬೆಕ್ಕಿಗೊಂದು ಮುದ್ದು. ಹೊತ್ತಿಗೆ ಸರಿಯಾಗಿ ಮಾತ್ರೆ ತಗೋ.

ಹಟದಲ್ಲಿ ನಿನ್ನನ್ನೇ ಹೋಲುವ,
ನಿನ್ನ ಬಾತುಕೋಳಿ

ತಾ.ಕ.: ಅಂಚೆಯವನು ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಹೇಳಿಬಿಡುತ್ತೇನೆ. ಡಾಕ್ಟರ ಗೋಡೆಯ ಮೇಲೆ ಕಣ್ಣಿನ ಪರೀಕ್ಷೆಗೆ ಹಾಕುವ ಹಲಗೆಯ ಅಕ್ಷರಗಳನ್ನು ನೀನು ಪಾತ್ರೆ ತೊಳೆಯುತ್ತಾ ಬಾಯಿಪಾಠ ಮಾಡುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಪ್ರತಿವರ್ಷ ಅದೇ ಹಲಗೆ ಎಂದು ನೀನೇ ಒಮ್ಮೆ ನಕ್ಕಿದ್ದೆ. ಇವತ್ತು ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಈ ಸಲ ಬೇರೆ ಹಲಗೆ ಹಾಕುತ್ತಾರೆ. ಅದನ್ನು ಓದು. ಓದಿದರೆ ನಾನೇ ಹಗ್ಗ ಬಿಚ್ಚಿ, ನಿನ್ನ ಪಕ್ಕದ ಸೀಟಿನಲ್ಲಿ ಬಂದು ಕೂರುತ್ತೇನೆ.