ಹೆಸರು ಹೇಳುವ ಮುಂಚಿನ ಫೋನ್

ಬೆಳಗಾವಿ
೨೧೧೮ನೇ ಇಸವಿ, ಫೆಬ್ರುವರಿ ಮೂವತ್ತು

ಈರಣ್ಣ ಮುತ್ತಜ್ಜನವರಿಗೆ, ನಿಮ್ಮ ಮೊಮ್ಮಗನ ಮೊಮ್ಮಗಳು ದಾಕ್ಷಾಯಣಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ವರ್ಷದ ಕೊನೆಗೆ ರಜೆ ಎಂದು ಕೊಟ್ಟಿದ್ದಾರೆ. ನಿಮಗೆ ಗೊತ್ತಿಲ್ಲದ ಪದಗಳು ನಡುವೆ ಬಂದರೆ ಕ್ಷಮಿಸಿ. ನೀವು ಪತ್ರಿಕೆಯವರು, ತಿದ್ದಿಕೊಂಡು ಓದುವುದು ನಿಮಗೆ ರೂಢಿ.

ನಾನೂ ನಿಮ್ಮ ಕಸುಬಿನವಳೇ, ರಕ್ಷಣಾ ವರದಿಗಾರ್ತಿ. ಹಾಗೆಂದು ಹೆಮ್ಮೆಪಡಬೇಡಿ. ನೀವು ಸೈನ್ಯದ ಟ್ರಕ್ಕಿನಲ್ಲಿ ಕುಳಿತು ಗಡಿಗೆ ಹೋದವರು, ಬಂಕರಿನಲ್ಲಿ ಜವಾನರ ಜೊತೆ ಚಹಾ ಕುಡಿದವರು, ಕರ್ನಲ್ ಹೇಳಿದ್ದನ್ನು ಸುಬೇದಾರನ ಹತ್ತಿರ ಇನ್ನೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡವರು. ನಾನು ಗಡಿಯನ್ನು ಕಣ್ಣಾರೆ ಕಂಡಿಲ್ಲ. ಸೈನ್ಯ ಕಳಿಸಿದ ಮಾತನ್ನು ಗೋಡೆಬಾಯಿಗೆ ಹೊಂದುವಂತೆ ಚಿಕ್ಕದು ಮಾಡುವುದಷ್ಟೇ ನನ್ನ ಕೆಲಸ. ಗೋಡೆಬಾಯಿ ಎಂದರೆ ಪ್ರತಿ ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ಕೂಡಿಸಿರುವ, ಸುದ್ದಿ ಹೇಳುವ ಯಂತ್ರ. ಹಾಲಿನ ದರ, ಮಳೆ, ಯುದ್ಧ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಬಾಯಿ ಮುಚ್ಚಿಸಲು ಗುಂಡಿ ಇಲ್ಲ. ಸತ್ತವರ ಹೆಸರುಗಳಂತೂ ನಮ್ಮ ಕೈಗೂ ಬರುವುದಿಲ್ಲ, ನೇರ ಗೋಡೆಗೇ ಹೋಗುತ್ತವೆ.

ಹೋದ ತಿಂಗಳು ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಅದು ಹಾಗೆ ಓದಿದ ಹೆಸರುಗಳಲ್ಲಿ ಸೈನ್ಯದಲ್ಲಿದ್ದ ನನ್ನ ತಮ್ಮ ಬಸವಂತನದೂ ಇತ್ತು. ಅವ್ವ ಹಿಟ್ಟಿನ ಕೈಯಲ್ಲೇ ಗೋಡೆಯ ಹತ್ತಿರ ಹೋಗಿ, “ಯಪ್ಪಾ, ಊರ ಹೆಸರು ಇನ್ನೊಮ್ಮೆ ಹೇಳೋ, ಬ್ಯಾರೆ ಬಸವಂತ ಇರಬಹುದು” ಎಂದು ಬೇಡಿಕೊಂಡಳು. ಅದು ಊರು, ತಂದೆಯ ಹೆಸರು ಎಲ್ಲವನ್ನೂ ವಿನಯದಿಂದ ಮತ್ತೆ ಹೇಳಿ, ನಾಳೆ ಮೋಡ ಕವಿದಿರುತ್ತದೆ ಎಂದಿತು. ಸೈನ್ಯದವರು ಬಾಗಿಲಿಗೆ ಬಂದದ್ದು ಸಂಜೆಗೆ. ಅಂದಿನಿಂದ ಅವ್ವ ಅಡುಗೆಕೋಣೆಗೆ ಕಾಲಿಟ್ಟಿಲ್ಲ. ನನಗೆ ನನ್ನ ಕಸುಬಿನ ಮೇಲೆ ಹೇಸಿಗೆ ಹುಟ್ಟಿದೆ.

ಆಗ ನಿಮ್ಮ ನೆನಪಾಯಿತು. ಮನೆಯಲ್ಲಿ ಇನ್ನೂ ನಿಮ್ಮ ಸುದ್ದಿ ಹೇಳುತ್ತಾರೆ. ಯಾವ ಸೈನಿಕ ಸತ್ತರೂ ನೀವು ಮೊದಲು ಅವನ ಊರಿಗೆ ಫೋನ್ ಮಾಡಿ, ಮನೆಯವರಿಗೆ ತಿಳಿದಿದೆಯೇ ಎಂದು ವಿಚಾರಿಸುತ್ತಿದ್ದಿರಂತೆ. ತಿಳಿಯುವ ತನಕ ಹೆಸರು ಬರೆಯುತ್ತಿರಲಿಲ್ಲವಂತೆ. ಬೇರೆಯವರು ಮುಂದೆ ಹೋಗುತ್ತಾರೆಂದು ಸಂಪಾದಕರು ರೇಗಿದಾಗ, “ಅವರವ್ವಗ ಇನ್ನೂ ಗೊತ್ತಿಲ್ರೀ ಸರ, ಊರಿಗೆಲ್ಲಾ ಹೆಂಗ ಹೇಳೂದು?” ಎಂದಿರಂತೆ. ಅದಕ್ಕೇ ನಿಮ್ಮನ್ನು ಕೃಷಿ ಪುಟಕ್ಕೆ ಹಾಕಿದರು. ನೀವು ಸಿಟ್ಟಿನಲ್ಲಿ ರಾಜೀನಾಮೆ ಬಿಸಾಕಿ, ನಿಮ್ಮ ಜಾಗಕ್ಕೆ ಬಂದವರ ಜೊತೆ ಒಂದು ಮಾತೂ ಆಡದೆ ಹೊರಬಂದಿರಿ. ಆ ಪದ್ಧತಿಯೂ ನಿಮ್ಮ ಹಿಂದೆಯೇ ಹೊರಬಂತು.

ಈ ಪತ್ರ ಅದಕ್ಕೂ ಮೊದಲೇ ನಿಮಗೆ ಸಿಗಲಿ. ಬೇಕಾದರೆ ರಾಜೀನಾಮೆ ಕೊಡಿ, ಸಂಪಾದಕರಿಗೆ ನಾಲ್ಕು ಮಾತು ಬೈದೇ ಬನ್ನಿ. ಆದರೆ ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಫೋನ್ ಮಾಡುವುದನ್ನು ಕಲಿಸಿ ಬನ್ನಿ. ಅವರು ಇನ್ನೊಬ್ಬರಿಗೆ ಕಲಿಸಲಿ. ಅಷ್ಟಕ್ಕೆ ಬಸವಂತ ಬದುಕುತ್ತಾನೆಂದು ನಾನು ಅಂದುಕೊಂಡಿಲ್ಲ. ಆ ದಿನ ಗೋಡೆಬಾಯಿಗಿಂತ ಮೊದಲು ಯಾರಾದರೂ ಮನೆಗೆ ಬಂದು, ಅವ್ವನ ಕೈಯ ಹಿಟ್ಟು ತೊಳೆಸಿ, ಕೂರಿಸಿ ಹೇಳಲಿ.